ಹುಣಸೆ ತೋಪಿನ ಬಾವಿ

ಬಾವಿಯಿಂದ ಮೇಲೆ ಬಂದ ಮಂಕರಿಯಲ್ಲಿ ಕೆಮ್ಮಣ್ಣಿನ ಜೊತೆ ಒಂದು ಕೊಂಬೂ ಇತ್ತು. ಹಗ್ಗ ಎಳೆಯುತ್ತಿದ್ದವರು ಅದನ್ನು ಬೇರಿನ ತುಂಡೆಂದುಕೊಂಡು ಮಣ್ಣಿನ ರಾಶಿಯ ಮೇಲೆ ಸುರಿದರು. ಹುಣಸೆಮರದ ನೆರಳಲ್ಲಿ ಕೂತಿದ್ದ ರಾಮರ್ ಗೌಂಡರು ಹಾಗೆ ಅಂದುಕೊಳ್ಳಲಿಲ್ಲ. ಬಾಯಲ್ಲಿದ್ದ ಎಲೆಯಡಿಕೆ ಅಗಿಯುವುದನ್ನೂ ಮರೆತು ಆ ಕೊಂಬನ್ನೇ ನೋಡುತ್ತ ಕೂತರು.

"ಐಯಾ, ಇಲ್ಲಿ ಮೂಳೆ ಅದೆ," ಎಂದು ಆಳುದ್ದದ ಗುಂಡಿಯೊಳಗಿಂದ ಮಾರಿಮುತ್ತು ಕೂಗಿದ. "ಒಂದೆರಡಲ್ಲ, ರಾಶಿ ರಾಶಿ ಅದೆ. ದನದ್ದು ಇರ್ಬೇಕು."

ಓವರ್ಸಿಯರ್ ಸೇಕರ್ ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದ. ದಿಂಡಿಗಲ್ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿರಲಿಲ್ಲ. ಬಿಳಿ ಪ್ಯಾಂಟಿಗೆ ಮಣ್ಣು ತಾಗದ ಹಾಗೆ ನಿಲ್ಲುವುದನ್ನು ಮಾತ್ರ ಚೆನ್ನಾಗಿ ಕಲಿತಿದ್ದ. "ತೆಗೆದು ಆಚೆ ಹಾಕಪ್ಪ, ನಿಲ್ಲಿಸಬೇಡ. ಮಾರ್ಚಿ ಮುಗಿಯುವುದರೊಳಗೆ ನೀರು ಬರದಿದ್ದರೆ ಮಂಜೂರಾದ ಹಣ ಮದರಾಸಿಗೇ ವಾಪಸು ಹೋಗುತ್ತದೆ," ಎಂದು ತಮಿಳಿನಲ್ಲಿ ಹೇಳಿ ಗಡಿಯಾರ ನೋಡಿಕೊಂಡ.

ಆ ಜಾಗದಲ್ಲಿ ಏನಿದೆಯೆಂದು ಬದುಕಿರುವವರಲ್ಲಿ ರಾಮರ್ ಗೌಂಡರೊಬ್ಬರಿಗೇ ಗೊತ್ತಿತ್ತು. ಹೇಳುವ ಹಾಗಿರಲಿಲ್ಲ.

ಚಿನ್ನಮನೂರು ದಾಟಿ ಕಂಬಂ ಊರಿನ ಕಡೆ ಹೋಗುವ ರಸ್ತೆಯ ಆ ಪೇಟೆಯಲ್ಲಿ ಕನ್ನಡ ಮಾತಾಡುವ ಒಕ್ಕಲು ಮನೆಗಳು ಒಂದು ಬೀದಿಯಷ್ಟು. ಯಾವ ಕಾಲದಲ್ಲಿ ಬಂದರೋ ಅವರಿಗೇ ನೆನಪಿಲ್ಲ. ಬರುವಾಗ ದೇವರನ್ನೂ ದೇವರ ದನಗಳನ್ನೂ ಹೊಡೆದುಕೊಂಡು ಬಂದರು ಎಂಬುದಷ್ಟೇ ಗೊತ್ತು. ಆ ಹಿಂಡಿಗೆ ದೇವರಾವು ಎಂದು ಹೆಸರು. ಅವುಗಳ ಹಾಲನ್ನು ಮಾರುವುದಿಲ್ಲ, ಅವುಗಳ ಕುತ್ತಿಗೆಗೆ ನೊಗ ಇಡುವುದಿಲ್ಲ, ಒಂದು ಮಲಗಿದರೆ ಚರ್ಮ ಸುಲಿಯಲು ಕೊಡದೆ ಅರಿಶಿನ ಬಳಿದು ಇಡಿಯಾಗಿ ಹೂಳುತ್ತಾರೆ. ದೇವರಾವಿಗೆ ಸೀಕು ಬಂತು ಎಂದು ಆ ಬೀದಿಯಲ್ಲಿ ಯಾರೂ ಬಾಯಿ ತಪ್ಪಿಯೂ ಆಡುವುದಿಲ್ಲ. ದೇವರ ಮೈಗೆ ಸೀಕು ಬರುವುದುಂಟೇ?

ಆದರೆ ಬಂದಿತ್ತು. ಮೂವತ್ತು ವರ್ಷದ ಹಿಂದೆ, ರಾಮರ್ ಇಪ್ಪತ್ತರ ಹುಡುಗನಾಗಿದ್ದಾಗ. ದೊಡ್ಡಿಯ ಪೂಜೆ ಅವರಪ್ಪನದು. ಹತ್ತೇ ದಿನದಲ್ಲಿ ಹದಿನಾಲ್ಕು ಆವು ಹೊಟ್ಟೆಯುಬ್ಬಿ ಬಿದ್ದವು. ಮೂಗಿನಿಂದ ಕಪ್ಪು ರಕ್ತ ಸುರಿಯಿತು, ಆ ರಕ್ತ ಹೆಪ್ಪುಗಟ್ಟಲಿಲ್ಲ. ದೊಡ್ಡಿಯ ಹತ್ತಿರ ಯಾರೂ ಸುಳಿಯದಂತೆ ಅಪ್ಪ ಕಟ್ಟುಮಾಡಿದರು. ಅಪ್ಪ, ಮಗ, ನಂಬಿಕೆಯ ಇಬ್ಬರು ಆಳು, ನಾಲ್ಕೇ ಜನ ಸೇರಿ ಬೆಳಗಿನ ಮಂಜಿನಲ್ಲಿ ಅವನ್ನು ಬಂಡಿಯಲ್ಲಿ ಸಾಗಿಸಿ ಹುಣಸೆ ತೋಪಿನಾಚೆ ಹೂಳಿದರು. ಬೀದಿಗೆ ಬಂದು ಅಪ್ಪ ಹೇಳಿದ್ದೇ ಬೇರೆ. ಹದಿನಾಲ್ಕು ಆವು ದೇವರ ಹಿಂದೆ ಬೆಟ್ಟ ಹತ್ತಿ ಹೋದವು, ಮಂಜಿನಲ್ಲಿ ನಾನೇ ಕಣ್ಣಾರೆ ಕಂಡೆ ಎಂದರು. ಜನ ಅತ್ತರು, ಬೆಟ್ಟದ ಕಡೆ ಮುಖಮಾಡಿ ದೀಪ ಇಟ್ಟರು. ಆ ದೀಪ ವರ್ಷಕ್ಕೊಮ್ಮೆ ಇವತ್ತಿಗೂ ಇಡುತ್ತಾರೆ. ಸತ್ತ ಆವುಗಳನ್ನು ಹಗ್ಗ ಹಿಡಿದು ಎಳೆದ ಆ ಇಬ್ಬರು ಆಳುಗಳಲ್ಲೊಬ್ಬನ ಕುತ್ತಿಗೆಯಲ್ಲಿ ಹೂಳಿದ ವಾರವೇ ನೋವಿಲ್ಲದ ಗುಳ್ಳೆಯೊಂದೆದ್ದು ನಡುವೆ ಇದ್ದಿಲಿನಂತೆ ಕಪ್ಪಾಯಿತು. ಎಂಟನೆಯ ದಿನ ಅವನೂ ಹೋದ.

ಅಪ್ಪ ಮಗನ ತಲೆಯ ಮೇಲೆ ಕೈಯಿಟ್ಟು ಹೇಳಿದ್ದರು: "ಈ ಜಾಗ ನಿನ್ನ ಬಾಯಿಂದ ಬಂದ್ರೆ, ಮನೇಲಿ ಮುಂದೆ ಹುಟ್ಟೋ ಕೂಸು ನಿಂದಲ್ಲ. ದೇವರು ಎತ್ಕೊಂಡು ಓಗ್ತಾನೆ. ತಿಳ್ಕೊ."

ಈಗ ಮನೆಯಲ್ಲಿ ಸೊಸೆ ದೈವಾನೈಗೆ ಆರು ತಿಂಗಳು.

ಬಾವಿಗೆ ಜಾಗ ಗೊತ್ತುಮಾಡಿದ ದಿನ ಟೌನ್ ಪಂಚಾಯತ್ತಿನ ಸಭೆಯಲ್ಲಿ ಗೌಂಡರು ಇದ್ದರು. ಇರದೆ ಏನು, ಆರು ವರ್ಷ ಮೆಂಬರಾಗಿ ಊರಿಗೆ ಕೊಳಾಯಿ ತರಿಸಲು ಚಪ್ಪಲಿ ಸವೆಸಿದವರೇ ಅವರು. ಓವರ್ಸಿಯರ್ ನಕ್ಷೆ ಬಿಡಿಸಿ, ನೀರು ಮೇಲಿದೆ, ಸರ್ಕಾರಿ ನೆಲ, ಯಾರಿಗೂ ಪರಿಹಾರ ಕೊಡಬೇಕಿಲ್ಲ ಎಂದು ಹುಣಸೆ ತೋಪಿನ ಮೇಲೆ ಬೆರಳಿಟ್ಟಾಗ ಗೌಂಡರು ಎದ್ದು ನಿಂತರು. "ಅಲ್ಲಿ ಬೇಡ. ಕಾಲುವೆ ದಂಡೇಲಿ ತೋಡಿ," ಎಂದರು.

"ಯಾಕಣ್ಣಾ?" ಎಂದ ಪೊನ್ನುಸಾಮಿ. ಅವನೂ ಅದೇ ಬೀದಿಯವನು, ಪಕ್ಕದ ವಾರ್ಡಿನ ಮೆಂಬರು, ಗೌಂಡರನ್ನು ಕೆಣಕದೆ ಅವನಿಗೆ ತಿಂದದ್ದು ಅರಗುತ್ತಿರಲಿಲ್ಲ. "ಕಾಲುವೆ ದಂಡೇಲಿ ಯಾರ ಒಲ ಅದೆ? ನಿಮ್ಮ ಅಳಿಯಂದು. ಬಾವಿ ಬಂದ್ರೆ ರೋಡು ಬರ್ತದೆ, ರೋಡು ಬಂದ್ರೆ ನೆಲಕ್ಕೆ ಬೆಲೆ ಬರ್ತದೆ. ಅದ್ಕೇ ತಾನೆ?"

ಸಭೆ ಗೊಳ್ಳೆಂದು ನಕ್ಕಿತು. ಚೇರ್ಮನ್ನರೂ ಕರವಸ್ತ್ರದ ಮರೆಯಲ್ಲಿ ನಕ್ಕರು. ಆರು ವರ್ಷದಲ್ಲಿ ಊರಿನ ದುಡ್ಡಲ್ಲಿ ಒಂದು ಲೋಟ ಟೀ ಕುಡಿಯದ ಮನುಷ್ಯನಿಗೆ ಆ ನಗು ಎದೆಗೆ ನಾಟಿತು. ಇನ್ನೊಂದು ಮಾತು, ಇನ್ನೊಂದೇ ಮಾತು ಹಟಹಿಡಿದು ಆಡಿದ್ದರೆ ಅಂದೇ ಜಾಗ ಬದಲಾಗುತ್ತಿತ್ತೇನೋ. ರಾಮರ್ ಗೌಂಡರಿಗೆ ಮಾನ ದೊಡ್ಡದಾಗಿ ಕಂಡಿತು. "ಆಗ್ಲಿ, ಅಲ್ಲೇ ತೋಡಿ!" ಎಂದು ಎಲ್ಲರಿಗಿಂತ ಮೊದಲು ಕೈಯೆತ್ತಿದರು.

ಹಾಗೆ ಕೈಯೆತ್ತಿದ್ದಕ್ಕೆ ಈಗ ಕೊಂಬು ಮೇಲೆ ಬಂದಿತ್ತು. ಮಧ್ಯಾಹ್ನ ಗುಂಡಿಯಿಂದ ಹತ್ತಿ ಬಂದ ಮಾರಿಮುತ್ತು ಮುಂಗೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ. ಮುರಿದ ದವಡೆಮೂಳೆಯೊಂದು ಗೀರಿತ್ತು.

"ತೊಳ್ಕೊ. ಸೋಪು ಆಕಿ ತೊಳ್ಕೊ," ಎಂದರು ಗೌಂಡರು.

"ಇಷ್ಟಕ್ಕೆಲ್ಲ ಸೋಪಾ, ಐಯಾ?" ಎಂದು ಮಾರಿಮುತ್ತು ನಕ್ಕ.

ಮೂರನೆಯ ದಿನ ಗೀರಿದ ಕಡೆ ಗುಳ್ಳೆಯೆದ್ದಿತು. ಐದನೆಯ ದಿನ ನೋಡಲು ಹೋದ ಗೌಂಡರು ಅವನ ಜಗಲಿಯ ಮೇಲೆ ಕೂತು ಆ ಕೈ ನೋಡಿದರು. ತೋಳು ಊದಿತ್ತು. ಗುಳ್ಳೆಯ ನಡುವೆ ಕಾಸಗಲ ಕಪ್ಪು. "ನೋವೇ ಇಲ್ಲೆ, ಐಯಾ. ಅದೇ ಆಶ್ಚರ್ಯ," ಎಂದ ಮಾರಿಮುತ್ತು, ಜ್ವರದ ಕಣ್ಣು ಬಿಡುತ್ತ. ಬಂಡಿಯಲ್ಲಿ ಆಸ್ಪತ್ರೆಗೆ ಒಯ್ದರು. ಯಾವುದೋ ವಿಷಜಂತು ಕಡಿದಿರಬೇಕು ಎಂದರು ಡಾಕ್ಟರು. ಒಂಬತ್ತನೆಯ ದಿನ ಹೆಣ ವಾಪಸು ಬಂತು. ಅವನ ಹೆಂಡತಿ ಪೇಚ್ಚಿಯಮ್ಮಾಳ್ ಬೀದಿಯಲ್ಲಿ ಬಿದ್ದು ಹೊರಳಾಡಿದಳು. ಗೌಂಡರು ಅವಳ ಮುಖ ನೋಡಲಾರದೆ ಹೆಣಕ್ಕೆ ಹೆಗಲು ಕೊಟ್ಟು ಸುಡುಗಾಡಿನವರೆಗೂ ನಡೆದರು. ಕೊಂದವನು ನಾನೇ ಎಂದು ಪ್ರತಿ ಹೆಜ್ಜೆಗೂ ಅವರಿಗೆ ಅನಿಸಿತು.

ಮಾರನೆಯ ದಿನವೇ ಓವರ್ಸಿಯರನ್ನು ಹಿಡಿದರು. ಮೂಳೆ ಸಿಕ್ಕಿದ ಬಾವಿಯ ನೀರು ಕುಡಿಯಬಹುದೇ ಎಂದು ಕೇಳಿದರು.

"ಹಳೆ ಮೂಳೆ ಅಂದರೆ ಸುಣ್ಣ ಅಷ್ಟೇ, ಐಯಾ. ನಾವು ಬ್ಲೀಚಿಂಗ್ ಪೌಡರ್ ಹಾಕುತ್ತೇವೆ. ಗಂಗೆಗಿಂತ ಶುದ್ಧವಾಗಿರುತ್ತದೆ."

"ಸೀಕಾಗಿ ಸತ್ತ ದನ ಆಗಿದ್ದರೆ?"

"ಯಾವ ಸೀಕು? ನಿಮಗೆ ಹೇಗೆ ಗೊತ್ತು?" ಸೇಕರ್ ಪೆನ್ನು ಕೆಳಗಿಟ್ಟು ಅವರ ಮುಖವನ್ನೇ ನೋಡಿದ. ಹುಡುಗ ಕೆಟ್ಟವನಲ್ಲ. ಹೇಳಿದ್ದರೆ ಕೇಳುತ್ತಿದ್ದ. ಗೌಂಡರ ಕಣ್ಣ ಮುಂದೆ ಸೊಸೆಯ ಹೊಟ್ಟೆ ಬಂತು, ತಲೆಯ ಮೇಲೆ ಅಪ್ಪನ ಕೈಯ ಭಾರ ಬಂತು. "ಸುಮ್ಮನೆ ಕೇಳಿದೆ," ಎಂದು ಎದ್ದು ಬಂದರು.

ಬಾವಿಗೆ ಕಲ್ಲು ಕಟ್ಟಿದರು. ಎಂಜಿನ್ ಬಂತು. ಮೇಲಿನ ತೊಟ್ಟಿಗೆ ಬಿಳಿ ಬಣ್ಣ ಬಳಿದರು. ಬೀದಿಯ ತುದಿಯಲ್ಲಿ ಸಿಮೆಂಟ್ ಕಂಬಕ್ಕೆ ಹಿತ್ತಾಳೆಯ ಕೊಳಾಯಿ ಕೂತಿತು. ಹೆಂಗಸರು ದಿನವೂ ಬಂದು ಅದನ್ನು ಮುಟ್ಟಿ ನೋಡಿಕೊಂಡು ಹೋಗುತ್ತಿದ್ದರು.

ಮೊದಲ ನೀರನ್ನು ತುಂಬು ಬಸುರಿಯ ಕೈಯಲ್ಲಿ ಹಿಡಿಸಿದರೆ ಸೆಲೆ ಬತ್ತುವುದಿಲ್ಲವೆಂದು ಬೀದಿಗೆ ಹಿರಿಯಳಾದ ಪಾಪಮ್ಮಾಳ್ ತೀರ್ಮಾನ ಮಾಡಿದಳು. ಪಾಪಮ್ಮಾಳ್ ಗೌಂಡರ ಅಕ್ಕ. ಅವಳ ತೀರ್ಮಾನಕ್ಕೆ ಪಂಚಾಯತ್ತಿನಲ್ಲಿ ಮೇಲ್ಮನವಿ ಇರಲಿಲ್ಲ. ಬಸುರಿ ಎಂದರೆ ದೈವಾನೈ.

ಉದ್ಘಾಟನೆಯ ಬೆಳಿಗ್ಗೆ ದೈವಾನೈ ಹೊಸ ಚುಂಗಡಿ ಸೀರೆಯುಟ್ಟು ಕೊಡಕ್ಕೆ ಅರಿಶಿನ ಬಳಿಯುತ್ತಿದ್ದಾಗ ಗೌಂಡರು ಬಾಗಿಲಲ್ಲಿ ನಿಂತರು.

"ನೀ ಬರ್ಬೇಡಮ್ಮ. ಕಾಲುವೆ ನೀರೇ ಇರ್ಲಿ ನಮಗೆ."

ಅವಳು ನಂಬದವಳಂತೆ ನೋಡಿದಳು. "ಏನ್ ಮಾಮಾ ಇಂಗಂತೀರಿ? ಆ ಕಾಲುವೆ ದಂಡೆ ಅತ್ತಿ ಅತ್ತೀನೇ ಎರಡು ಸಲ ಒಟ್ಟೇಲಿರೋದ ಕಳ್ಕೊಂಡೆ. ಎರಡು ಕೊಡ ಸೊಂಟದ ಮೇಲೆ ಒತ್ಕೊಂಡು. ನಿಮಗೆ ಗೊತ್ತಿಲ್ವಾ? ಈ ಕೂಸಾದ್ರೂ ಉಳೀಲಿ ಅಂತ ತಾನೆ ನೀವು ಕೊಳಾಯಿಗೆ ಓಡಾಡಿದ್ದು?"

ಅದೂ ನಿಜ. ಮಗ ಕಂಬಂನ ದ್ರಾಕ್ಷಿ ಮಂಡಿಗೆ ಹೋಗಿದ್ದ, ಅವಳಿಗೆ ಹೇಳಿಸೋಣವೆಂದರೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವಳು ಕೊಡ ಎತ್ತಿಕೊಂಡು ಹೊರಟೇಬಿಟ್ಟಳು.

ಪೆಂಡಾಲಿನ ಕೆಳಗೆ ಲೌಡ್‌ಸ್ಪೀಕರ್ ಗೊರಗೊರ ಎನ್ನುತ್ತಿತ್ತು. ಚೇರ್ಮನ್ನರು ಚೀಟಿ ಹಿಡಿದು ಆರು ವರ್ಷದ ಸಾಧನೆ ಓದಿದರು. ನಲವತ್ತೆರಡು ಬೀದಿ ದೀಪ, ವಾಚನಾಲಯ, ಸಂತೆಗೆ ತಗಡಿನ ಮಾಡು, ಹೆರಿಗೆ ಕೋಣೆ, ಮುಖ್ಯರಸ್ತೆಗೆ ಚರಂಡಿ. ಈಗ ಇದೋ, ಕುಡಿಯುವ ನೀರು. ಈ ಊರಿನ ಒಂದು ಮಗುವೂ ಇನ್ನು ಮುಂದೆ ಕಾಲರಾದಿಂದ ಸಾಯುವುದಿಲ್ಲ ಎಂದಾಗ ಚಪ್ಪಾಳೆ ಬಿತ್ತು. ಗೌಂಡರೂ ಚಪ್ಪಾಳೆ ತಟ್ಟಬೇಕಾಗಿತ್ತು. ಅವರ ಕಣ್ಣು ಸೊಸೆಯ ಮೇಲಿತ್ತು.

ಪಾಪಮ್ಮಾಳ್ ಕರ್ಪೂರ ಹಚ್ಚಿದಳು. ದೈವಾನೈ ಕೊಡ ಹಿಡಿದು ಕಂಬದ ಹತ್ತಿರ ಬಗ್ಗಿದಳು. ಅಷ್ಟರಲ್ಲಿ ಗೌಂಡರು ಜನರನ್ನು ತಳ್ಳಿಕೊಂಡು ಬಂದು ಕೊಳಾಯಿಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದರು.

"ಈ ನೀರು ಯಾರೂ ಕುಡಿಬೇಡಿ!"

ಲೌಡ್‌ಸ್ಪೀಕರ್ ನಿಂತಿತು.

"ಆ ಬಾವೀಲಿ ದೇವರಾವು ಅವೆ. ಹದಿನಾಲ್ಕೂ ಅಲ್ಲೇ ಅವೆ. ಬೆಟ್ಟಕ್ಕೆ ಓಗ್ಲಿಲ್ಲೆ. ನಮ್ಮಪ್ಪ ಸುಳ್ಳಂದ. ಗುಂಡಿ ತೋಡ್ದವನು ನಾನು, ಮಣ್ಣು ಎಳ್ದವನು ನಾನು. ಸೀಕು ಬಂದು ಸತ್ತವು ಅವು. ಮಾರಿಮುತ್ತುನ್ನ ಕೊಂದದ್ದೂ ಅದೇ ಸೀಕು. ನಂಬಿ, ನನ್ನ ನಂಬಿ!"

ಹೇಳಿಬಿಟ್ಟರು. ಮೂವತ್ತು ವರ್ಷದ್ದು ಹೊರಗೆ ಬಿತ್ತು. ಇನ್ನು ಹುಟ್ಟುವ ಕೂಸಿಗೆ ಏನಾಗುತ್ತದೋ ಆಗಲಿ, ತಾಯಿಯಾದರೂ ಉಳಿಯಲಿ, ಬೀದಿಯಾದರೂ ಉಳಿಯಲಿ ಎಂದು ಕಣ್ಣು ಮುಚ್ಚಿಕೊಂಡರು. ಜನ ಹಿಂದೆ ಸರಿಯುವ ಸದ್ದಿಗಾಗಿ ಕಾದರು.

ಆ ಸದ್ದು ಬರಲಿಲ್ಲ. ಕಣ್ಣು ತೆರೆದಾಗ ಪಾಪಮ್ಮಾಳ್ ಮಣ್ಣಿನಲ್ಲಿ ಮಂಡಿಯೂರಿ ಕೂತಿದ್ದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು.

"ಬಿಟ್ಟು ಓಗ್ಲಿಲ್ಲೆ," ಎಂದಳು. "ನಮ್ಮನ್ನ ಬಿಟ್ಟು ಓಗ್ಲೇ ಇಲ್ಲೆ! ಇಷ್ಟು ವರ್ಷ ಬೆಟ್ಟಕ್ಕೆ ದೀಪ ಇಟ್ಟೆವಲ್ಲಪ್ಪಾ, ಕಾಲ ಕೆಳಗೇ ಇದ್ದಾವೆ!"

"ಅಕ್ಕಾ, ಸೀಕು. ಸೀಕು ಅಂದೆ ನಾನು. ಕೇಳಿಸ್ಲಿಲ್ಲವಾ?"

"ಸೀ, ಬಾಯಿ ತೊಳಿ! ದೇವರಾವಿಗೆ ಸೀಕಾ?" ಎಂದು ಅವಳು ಗದರಿದಳು. ಅಳುತ್ತಲೇ ನಗುತ್ತಿದ್ದಳು. ಗುಂಪಿನಿಂದ ಪೇಚ್ಚಿಯಮ್ಮಾಳ್ ಬರಿಗೊರಳಲ್ಲಿ ಮುಂದೆ ಬಂದಳು. "ಅಂಗಾದ್ರೆ ನನ್ನ ಗಂಡನ್ನ ದೇವರೇ ಕರ್ಕೊಂಡದ್ದಾ, ಐಯಾ?" ಎಂದು ಕೇಳಿದಳು. ಹತ್ತು ವಾರದಲ್ಲಿ ಅವಳ ಮುಖದಲ್ಲಿ ಮೊದಲ ಸಲ ಒಂದು ಬೆಳಕು ಕಂಡಿತು. ಅದನ್ನು ಆರಿಸುವ ಮಾತು ಗೌಂಡರ ಬಾಯಿಗೆ ಬರಲಿಲ್ಲ. ಪೊನ್ನುಸಾಮಿ ಟವಲು ಸೊಂಟಕ್ಕೆ ಸುತ್ತಿಕೊಂಡು ಅವರ ಕಾಲಿಗೆ ಉದ್ದುದ್ದ ಬಿದ್ದ. "ಅದ್ಕೇ ಅಲ್ಲಿ ಬೇಡ ಅಂದ್ರಾ ಅಣ್ಣಾ! ನಾನು ಪಾಪಿ, ನೆಲದ ಬೆಲೆ ಅಂದೆ."

ಹಿಂದಿನ ಸಾಲುಗಳಿಗೆ ಸುದ್ದಿ ಹರಿಯಿತು. ಮನೆಗೆ ಓಡಿ ಚೊಂಬು, ತಾಲಿ, ಸೇರು, ಕೈಗೆ ಸಿಕ್ಕಿದ್ದನ್ನು ತಂದರು. ತಮಿಳರ ಬೀದಿಯಿಂದಲೂ ಬಂದರು. ಏನು ನಡೆಯುತ್ತಿದೆಯೆಂದು ತಿಳಿಯದೆ ಸೇಕರ್ ಚೇರ್ಮನ್ನರ ಕಿವಿಯಲ್ಲಿ ಕೇಳುತ್ತಿದ್ದ. ಚೇರ್ಮನ್ನರು ಕೈ ಮುಗಿದುಕೊಂಡು ನಿಂತಿದ್ದರು.

"ಮಾಮಾ, ಕೈ ತೆಗೀರಿ," ಎಂದಳು ದೈವಾನೈ ಮೆಲ್ಲಗೆ.

ಅವರು ತೆಗೆಯಲಿಲ್ಲ. ಅವಳು ಕೊಡ ಪಕ್ಕಕ್ಕಿಟ್ಟು ಬಗ್ಗಿ, ಭಾರದ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನೋವಾಗದಂತೆ ಬಿಡಿಸಿದಳು. ಅವಳು ತಿರುಗಿಸಿದ ಕೊಳಾಯಿ ಒಮ್ಮೆ ಗಾಳಿ ಕಾರಿತು, ಕೆಂಪಗೆ ಉಗುಳಿತು, ಆಮೇಲೆ ತಿಳಿಯಾಗಿ ಸುರಿಯಿತು.

ಅವಳು ಬೊಗಸೆಯೊಡ್ಡಿ ಕಣ್ಣಿಗೊತ್ತಿಕೊಂಡು ಕುಡಿದಳು. ಇನ್ನೊಂದು ಬೊಗಸೆ ಹಿಡಿದು ಸೆರಗು ಸರಿಸಿ ಹೊಟ್ಟೆಯ ಮೇಲೆ ಮೆಲ್ಲಗೆ ಸವರಿಕೊಂಡಳು. ಹಿಂದಿನಿಂದ ಪಾಪಮ್ಮಾಳ್ ಹೇಗಿದೆಯೆಂದು ಕೇಳಿದಳು.

"ಸಿಹಿ ಅದೆ ಅತ್ತೆ," ಎಂದಳು ದೈವಾನೈ, ಕೊಡವನ್ನು ಕೊಳಾಯಿಯ ಕೆಳಗಿಟ್ಟು ಪಕ್ಕಕ್ಕೆ ಸರಿದು ಮಿಕ್ಕವರಿಗೆ ಜಾಗ ಮಾಡಿಕೊಡುತ್ತ.