ಭರಮವ್ವ ತನ್ನ ಬಾಗಿಲಲ್ಲೇ ಧರಣಿ ಕೂತದ್ದು

ಇನ್ನು ಮುಂದೆ ಸಾಲವೂ ಕಂತೂ ಮೊಬೈಲಿನಲ್ಲೇ ಎಂದು ಹೇಳಲು ಫೈನಾನ್ಸಿನ ವಿನಯ ಬೆಳಗಾವಿಯಿಂದ ಗುಂಜಿಗೆ ಬಂದಿದ್ದ. ಜನ್ನತಳ ಅಂಗಳದಲ್ಲಿ ನಮ್ಮ ಸಂಘದ ಹತ್ತು ಹೆಂಗಸರಿಗೂ ಖಾತೆ ಮಾಡಿಕೊಟ್ಟ.

"ಪಿನ್ನು ಯಾರಿಗೂ ಹೇಳಬ್ಯಾಡ್ರಿ. ಗಂಡಗೂ ಹೇಳಬ್ಯಾಡ್ರಿ."

"ಗಂಡಗ ಯಾಕ ಹೇಳೂಣ್ರಿ, ಖರ್ಚ ಮಾಡಾಕ?" ಎಂದಳು ಜನ್ನತ. "ಆದ್ರ ಸಂಘಕ್ಕ ಹೇಳದ ಹ್ಯಾಂಗ? ಒಬ್ಬಾಕಿ ಕಟ್ಟಲಿಲ್ಲಂದ್ರ ಉಳದಾವ್ರು ಕಟ್ಟಬೇಕಂತ ನೀವ ಬರಸ್ಕೊಂಡೀರಲ್ಲ."

ವಿನಯ ಬಸ್ಸು ಹಿಡಿದ ಮೇಲೆ ನಾವೆಲ್ಲ ಒಂದೇ ಪಿನ್ನು ಇಟ್ಟುಕೊಂಡೆವು. ಮರೆಯಬಾರದೆಂದು ವಾರದ ಸಭೆಯಲ್ಲಿ ನಿಂತು ಹೇಳುವ ಪ್ರತಿಜ್ಞೆಯ ಕೊನೆಗೆ ಅದನ್ನೂ ಸೇರಿಸಿದೆವು. ಭೀಮಕ್ಕನಿಗೆ ಕಿವಿ ಮಂದ. ಹಾಗಾಗಿ ಪ್ರತಿಜ್ಞೆ ರೈಲು ನಿಲ್ದಾಣದವರೆಗೂ ಕೇಳಿಸುತ್ತದೆ.

ಭರಮವ್ವನ ಗಂಡ ಗುರುಪುತ್ರಪ್ಪನ ಕಿವಿ ಚೆನ್ನಾಗಿತ್ತು. ಆಡು ಕೊಳ್ಳಲು ಅವಳ ಖಾತೆಗೆ ಸಾಲ ಬಿದ್ದ ದಿನವೇ ಅವಳ ಫೋನು ತೆಗೆದು ಅಷ್ಟನ್ನೂ ತನ್ನ ಖಾತೆಗೆ ಹಾಕಿಕೊಂಡ. ಲೋಂಡಾದಲ್ಲಿ ಹಳೇ ಬೈಕು ನೋಡಿಟ್ಟಿದ್ದೇನೆ, ನಾಳೆ ತರುತ್ತೇನೆ ಎಂದು ಊಟಕ್ಕೆ ಕೂತಾಗ ತಾನೇ ಹೇಳಿಕೊಂಡ.

ಕಂತು ತಪ್ಪಿಸಿದವಳ ಬಾಗಿಲಲ್ಲಿ ಇಡೀ ಸಂಘ ಹೋಗಿ ಕೂರುವುದು ನಮ್ಮ ಪದ್ಧತಿ. ಹಣ ಬರುವವರೆಗೆ ಏಳುವುದಿಲ್ಲ. ಗಂಡಂದಿರ ವಿಷಯದಲ್ಲಿ ನಿಯಮವೇನೂ ಇರಲಿಲ್ಲ. ಆದರೂ ಭರಮವ್ವ ರಾತ್ರಿಯೇ ಬಂದು ಹೇಳಿದ್ದರಿಂದ ಬೆಳಿಗ್ಗೆ ಹೋಗಿ ಕೂತೆವು. ಭರಮವ್ವನೂ ಸಂಘದವಳೇ, ತನ್ನ ಹೊಸ್ತಿಲ ಹೊರಗೆ ನಮ್ಮ ಜೊತೆ ಕೂತಳು. ನಾನು ಸುಲಿಯಲು ಅವರೆಕಾಯಿ ತಂದಿದ್ದೆ, ಮಗಳನ್ನೂ ಕರೆತಂದಿದ್ದೆ. ಮನೆಗಿಂತ ಅಲ್ಲಿ ಕಾಯಿ ಸುಲಿಯುವುದೂ ಮಗಳನ್ನು ನೋಡಿಕೊಳ್ಳುವುದೂ ಸುಲಭವಾದವು. ಕೂತಲ್ಲೇ ಎಲ್ಲರ ಪಿನ್ನೂ ಬದಲಾಯಿತು. ಈ ಸಲವೂ ಒಂದೇ, ಆದರೆ ಪಿಸುಮಾತಿನಲ್ಲಿ.

"ಒಳಗ ಬಾ, ಮಂದಿ ನೋಡಾಕತ್ತಾರ," ಎಂದ ಗುರುಪುತ್ರಪ್ಪ.

"ನೋಡ್ಲಿ ಅಂತನ ಕುಂತೀನ್ರಿ," ಎಂದಳು ಭರಮವ್ವ.

"ಅಡಿಗಿ ಯಾರು ಮಾಡ್ತಾರ?"

"ಬೈಕ್ ಮಾಡ್ತೈತಿ," ಎಂದಳು ಜನ್ನತ.

ಅವನು ಹಿತ್ತಲ ಬಾಗಿಲಿಗೆ ಹೋದ. ಅಲ್ಲಿ ಭೀಮಕ್ಕ ಎಲೆ ಅಡಿಕೆ ಹಾಕಿಕೊಂಡು ಅಡ್ಡ ಕೂತಿದ್ದಳು. ದಾರಿ ಬಿಡು ಎಂದು ಎಷ್ಟು ಬೇಡಿದರೂ ಅವಳಿಗೆ ಕೇಳಿಸಲಿಲ್ಲ.

ಮಧ್ಯಾಹ್ನ ಹಸಿವು ಅವನನ್ನು ಮುಂಬಾಗಿಲಿಗೆ ತಂದಿತು. ಫೋನು ಹಿಡಿದ. ಅವನ ಪಿನ್ನು ನೋಡಬಾರದೆಂದು ನಾವೆಲ್ಲ ಮರ್ಯಾದೆಯಿಂದ ಮುಖ ತಿರುಗಿಸಿದೆವು. ಭರಮವ್ವನ ಖಾತೆಗೆ ಹಣ ಮರಳಿತು. ನಾವು ಸೀರೆ ಕೊಡವಿಕೊಂಡು ಎದ್ದೆವು. ಅವಳು ಏಳಲಿಲ್ಲ.

"ರೊಕ್ಕ ಬಂತಲ್ಲ, ಇನ್ನೇನು?" ಎಂದ ಗುರುಪುತ್ರಪ್ಪ.

"ಅಕ್ಕಿ ತೊಳದ ಇಡ್ರಿ. ಅನ್ನ ಆದಮ್ಯಾಲ ಬರ್ತೀನಿ."