ಒಂಟಿ ಮನೆಯ ಸಿಪ್ಪೆ

ಶಾಲೆಯ ಹಿಂಬಾಗಿಲು ತೆರೆಯುವ ಹೊತ್ತಿಗೆ ಟೈಪಿಸ್ಟಮ್ಮ ತಲೆ ಬಾಚಿ, ಚಪ್ಪಲಿ ಒರೆಸಿ, ಬಕೆಟ್ಟು ಹಿಡಿದು ನಿಂತಿರುತ್ತಿದ್ದಳು. ಕಚೇರಿಯಲ್ಲಿ ಕೆಲಸಕ್ಕಿದ್ದಾಗಲೂ ಅವಳು ಇಷ್ಟು ಶಿಸ್ತಿನಿಂದ ಹೊರಟವಳಲ್ಲ. ಅಲ್ಲಿಗೆ ಹೋದರೆ ಸಿಗುತ್ತಿದ್ದದ್ದು ಸಂಬಳ. ಇಲ್ಲಿ ಜನ ಮಾತಾಡಿಸುತ್ತಿದ್ದರು.

ನಾಲ್ಕಂತಸ್ತಿನ ಆ ಶಾಲೆಗೆ ಮೈದಾನ ಅಂತ ಇದ್ದದ್ದು ಸಿಮೆಂಟಿನ ಒಂದು ತುಂಡು. ವಿಜ್ಞಾನದ ಮೇಷ್ಟ್ರು ಮುರಿದ ಬೆಂಚುಗಳನ್ನು ಸಾಗಹಾಕಿಸಿ, ಸಿಮೆಂಟು ಒಡೆಸಿ, ತೋಟ ಮಾಡುತ್ತೇನೆಂದು ಹೊರಟಿದ್ದರು. ಗೊಬ್ಬರಕ್ಕೆ ಸುತ್ತಲಿನ ಮನೆಗಳ ಅಡುಗೆಮನೆ ಕಸ. ತಂದವರು ಸುರಿದು ಓಡುವಂತಿಲ್ಲ. ಗಂಟೆ ಹೊಡೆಯುವ ತನಕ ನಿಂತು ಗುಡ್ಡೆ ಮಗುಚಬೇಕು. ಉಳಿದವರಿಗೆ ಅದು ಶಿಕ್ಷೆ. ಟೈಪಿಸ್ಟಮ್ಮನಿಗೆ ಇಡೀ ದಿನದಲ್ಲಿ ಸಿಗುತ್ತಿದ್ದ ಮಾತುಕತೆಯೆಂದರೆ ಅದೇ. ಒಬ್ಬರ ಬಕೆಟ್ಟಿಗೆ ಇನ್ನೊಬ್ಬರು ಇಣುಕಿ "ಇವತ್ತೇನು ಅಡುಗೆ?" ಅಂತ ಕೇಳುವುದು ಅಲ್ಲಿಯ ನಮಸ್ಕಾರ.

ಆದರೆ ಒಬ್ಬಳ ಅಡುಗೆಯಲ್ಲಿ ಬೀಳುವ ಸಿಪ್ಪೆ ಎಷ್ಟು? ಒಂದು ಈರುಳ್ಳಿ, ಒಂದು ಬಾಳೆಹಣ್ಣು, ಟೀ ಚರಟ. ಬಕೆಟ್ಟಿನ ತಳವೇ ಮುಚ್ಚುತ್ತಿರಲಿಲ್ಲ.

ಒಂದು ದಿನ ಮೇಷ್ಟ್ರು ಕರುಣೆಯಿಂದಲೇ ಹೇಳಿದರು: "ಅರ್ಧ ಬಕೆಟ್ಟಿಗಿಂತ ಕಮ್ಮಿ ಇರೋರು ಪಕ್ಕದ ಮನೆಯವರ ಬಕೆಟ್ಟಿಗೆ ಹಾಕಿಬಿಡಿ. ಪಾಪ, ಸುಮ್ನೆ ಎಲ್ಲರೂ ಯಾಕೆ ಕಾಲು ಸವೆಸಬೇಕು?"

ಎಲ್ಲರೂ ಒಪ್ಪಿ ತಲೆದೂಗಿದರು. ಟೈಪಿಸ್ಟಮ್ಮ ತನ್ನ ಬಕೆಟ್ಟನ್ನು ಮೆಲ್ಲಗೆ ಸೆರಗಿನ ಹಿಂದಕ್ಕೆ ಸರಿಸಿದಳು.

ಸಂಜೆ ಅವಳು ಬೀದಿ ತುದಿಯ ಸೊಪ್ಪಿನವಳ ಮುಂದೆ ನಿಂತಳು. "ಬಾಡಿದ್ದು, ಕೊಳೆತದ್ದು ಇದ್ರೆ ಕೊಡಮ್ಮಾ."

"ಹಸು ಸಾಕಿದೀರಾ ಅಕ್ಕಾ?"

"ಹ್ಞೂಂ, ಎರಡನೇ ಮಹಡೀಲಿ."

ಸೊಪ್ಪಿನವಳು ನಕ್ಕು ಚೀಲ ತುಂಬಿಸಿದಳು. ಅಂದಿನಿಂದ ಟೈಪಿಸ್ಟಮ್ಮನ ಬಕೆಟ್ಟು ಕಂಠಮಟ್ಟ ತುಂಬಿ ಬರತೊಡಗಿತು.

"ಏನು ಟೈಪಿಸ್ಟಮ್ಮಾ, ನೆಂಟರಾ?" ಕೇಳಿದ, ಪಕ್ಕದಲ್ಲಿ ಗುಡ್ಡೆ ಮಗುಚುತ್ತಿದ್ದ ನೆರೆಮನೆಯ ಬಸ್ ಡ್ರೈವರು.

"ತಂಗಿ ಮಕ್ಕಳು," ಎಂದಳು, ತಂಗಿಯೇ ಇಲ್ಲದವಳು.

"ಎಷ್ಟು ದಿನ ಇರ್ತಾರೆ?"

"ಹೋಗೋ ಲಕ್ಷಣ ಕಾಣ್ತಿಲ್ಲಪ್ಪ. ಒಂದೇ ಗಲಾಟೆ!"

ಆ ಸಂಜೆ ರೇಡಿಯೋವನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ನೆಂಟರಿರುವ ಮನೆ ಅಷ್ಟು ತಣ್ಣಗಿದ್ದರೆ ಯಾರು ನಂಬುತ್ತಾರೆ?

ಗೊಬ್ಬರ ಹದಕ್ಕೆ ಬಂದು, ಮಕ್ಕಳು ಅದನ್ನು ಮಡಿಗಳಿಗೆ ಹರಡುವ ದಿನ ಬಂತು. ಮೇಷ್ಟ್ರು ಗುಡ್ಡೆಗೆ ಕೈ ಹಾಕಿ ಎಳೆದರೆ ನೀಲಿ ಪ್ಲಾಸ್ಟಿಕ್ ದಾರ. ಎಳೆದಷ್ಟೂ ದಾರ. ಸೊಪ್ಪಿನ ಕಟ್ಟು ಬಿಗಿಯುವ ದಾರವನ್ನು ಬಿಚ್ಚಬೇಕೆಂದು ಟೈಪಿಸ್ಟಮ್ಮನಿಗೆ ಹೊಳೆದೇ ಇರಲಿಲ್ಲ. ಬಕೆಟ್ಟು ತುಂಬಿಸುವ ಆತುರದಲ್ಲಿ ಕಟ್ಟುಕಟ್ಟಾಗಿಯೇ ತುರುಕಿದ್ದಳು.

"ಇಷ್ಟೊಂದು ಸೊಪ್ಪು ದೊಡ್ಡ ಸಂಸಾರದವರದ್ದೇ," ಅಂದರು ಮೇಷ್ಟ್ರು. ಎಲ್ಲರ ಕಣ್ಣು ಟೈಪಿಸ್ಟಮ್ಮನ ಮೇಲಿನ ಮನೆಯಾಕೆಯತ್ತ ಹೊರಳಿತು. ಅವರದು ತುಂಬಿದ ಮನೆ.

"ನಮ್ಮನೇಲಿ ಸೊಪ್ಪು ಅಂದ್ರೆ ಮಕ್ಕಳು ಮೂಗು ಮುರೀತಾವೆ ಸಾರ್!" ಎಂದ ಆಕೆಯ ಮುಖ ಕೆಂಪೇರಿತ್ತು.

"ಅಂತೂ ಯಾರದೋ ಮನೆ ಹೆಸರನ್ನ ಪಟ್ಟಿಯಿಂದ ತೆಗೀಲೇಬೇಕಾಗತ್ತೆ," ಅಂದರು ಮೇಷ್ಟ್ರು.

"ಅದು ನಂದು," ಎಂದಳು ಟೈಪಿಸ್ಟಮ್ಮ.

"ಓ, ನಿಮ್ಮ ನೆಂಟರು..."

"ನೆಂಟರಿಲ್ಲ. ಸೊಪ್ಪಿನವಳ ಹತ್ರ ಇಸ್ಕೊಂಡೆ."

ಬಸ್ ಡ್ರೈವರು ತನ್ನ ಸಲಿಕೆಯನ್ನು ಹೊಸದಾಗಿ ಕಂಡವನಂತೆ ನೋಡತೊಡಗಿದ.

"ಕಸ ಬೇಡಿ ತರೋದಾ? ಯಾಕಮ್ಮಾ?" ಮೇಷ್ಟ್ರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

"ಬಕೆಟ್ಟು ಹಗುರ ಇತ್ತು," ಎಂದಳು.

ಆಮೇಲೆ ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳೂ ಎರಡು ಮಾತಾಡಬಹುದಿತ್ತು. ಗಂಟೆ ಹೊಡೆಯುವವರೆಗೂ ಕೂತು ದಾರ ಆರಿಸಿದಳು. ಬೆರಳುಗಳಿಗೆ ಅಭ್ಯಾಸವಿತ್ತು, ಎಷ್ಟೋ ವರ್ಷ ಟೈಪ್‌ರೈಟರಿನಲ್ಲಿ ಸಿಕ್ಕಿಕೊಂಡ ರಿಬ್ಬನ್ ಬಿಡಿಸಿದ ಬೆರಳು. ಹೊರಡುವಾಗ ಮೇಷ್ಟ್ರು ಮೆಲ್ಲಗೆ, "ನಾಳೆಯಿಂದ ನಿಮ್ಮದನ್ನ ಮೇಲಿನ ಮನೆಯವರಿಗೆ ಕೊಟ್ಟುಬಿಡಿ ಅಮ್ಮಾ. ನೀವು ಬರೋ ತೊಂದರೆ ತಗೋಬೇಡಿ," ಅಂದರು.

ಸಂಜೆ ಬಾಗಿಲು ಬಡಿದ ಸದ್ದು. ಮೇಲಿನ ಮನೆಯಾಕೆ, ಕೈಯಲ್ಲಿ ತುಂಬಿದ ಬಕೆಟ್ಟು.

"ಆಂಟಿ, ಬೆಳಿಗ್ಗೆ ನಮಗೆ ಉಸಿರಾಡೋಕೂ ಪುರಸೊತ್ತಿಲ್ಲ. ಇದನ್ನೂ ನೀವೇ ತಗೊಂಡು ಹೋಗ್ತೀರಾ? ನಿಮ್ಮದನ್ನೂ ಇದಕ್ಕೇ ಹಾಕ್ಕೊಳ್ಳಿ. ದಿನಾ ತಂದಿಡ್ತೀನಿ."

"ಬಾರಮ್ಮ ಒಳಗೆ. ಟೀ ಮಾಡ್ತೀನಿ."

"ಇನ್ನೊಂದ್ಸಲ ಆಂಟಿ, ಒಲೆ ಮೇಲೆ ಹಾಲಿದೆ." ಮಾತು ಮುಗಿಯುವ ಮೊದಲೇ ಅರ್ಧ ಮೆಟ್ಟಿಲು ಹತ್ತಿಯಾಗಿತ್ತು.

ಟೈಪಿಸ್ಟಮ್ಮ ಒಬ್ಬಳಿಗಾಗುವಷ್ಟು ಟೀ ಮಾಡಿ ಕುಡಿದು, ಚರಟವನ್ನು ಆ ಬಕೆಟ್ಟಿನ ಮೇಲೆ ಉದುರಿಸಿದಳು.

ಮರುದಿನ ಹಿಂಬಾಗಿಲಲ್ಲಿ ಪಟ್ಟಿ ಹಿಡಿದು ನಿಂತಿದ್ದ, ಅಂದಿನ ಸರದಿಯ ಶಾಲೆಯ ಹುಡುಗಿ ಕೇಳಿದಳು, "ಯಾವ ಮನೇದು ಅಜ್ಜೀ?"

"ಮೇಲಿನ ಮನೇದು."

ಯಾರೋ ಅಭ್ಯಾಸಬಲದಿಂದ ಬಕೆಟ್ಟಿಗೆ ಇಣುಕಿದರು. "ಇವತ್ತೇನು ಅಡುಗೆ?"

ಟೈಪಿಸ್ಟಮ್ಮನೂ ಇಣುಕಿದಳು. ಬಟಾಣಿ ಸಿಪ್ಪೆ, ಮೊಟ್ಟೆ ಚಿಪ್ಪು, ಅಡಿಯಲ್ಲಿ ರಾಶಿ ದಾಳಿಂಬೆ ಸಿಪ್ಪೆ.

"ಯಾರಿಗೋ ಹುಷಾರಿಲ್ಲ ಅಂತ ಕಾಣತ್ತೆ," ಎಂದಳು. ಮೇಲಿನ ಮನೆಯಲ್ಲಿ ನಿನ್ನೆ ರಾತ್ರಿಯೆಲ್ಲ ಯಾರೋ ಕೆಮ್ಮಿದ್ದು ಅವಳಿಗೂ ಕೇಳಿಸಿತ್ತು. ಕೆಮ್ಮಿದ್ದು ದೊಡ್ಡ ಮಗಳೋ ಚಿಕ್ಕ ಮಗನೋ, ಯಾರಾದರೂ ಕೇಳಿದರೆ ಹೇಳಲು ಅವಳಿಗೆ ಗೊತ್ತಿರಲಿಲ್ಲ.

ಬಕೆಟ್ಟು ಬೋರಲು ಹಾಕಿ, ಸಲಿಕೆ ತೆಗೆದುಕೊಂಡಳು.