ಉಪವಾಸ ಅಜ್ಜನದು, ನೀರು ಮೊಮ್ಮಗಳದು

ಮೊರಬದ ಆಚೆಗಿನ ಒಂದು ಊರಲ್ಲಿ ಆ ವರ್ಷ ಕೆರೆಗೆ ಹೊಸ ನೀರು ಬಂತು, ಬೆನ್ನಿಗೇ ವಾಂತಿಭೇದಿಯೂ ಬಂತು. ರೋಗಕ್ಕಿಂತ ಸುದ್ದಿ ಜೋರಾಗಿ ಓಡಿತು. ಕೆಲವರು ಊರು ಬಿಡಲು ಗಂಟುಮೂಟೆ ಕಟ್ಟಿದರು.

ಚರ್ಚಿನ ಹಿರಿಯ ದೇವದಾನಪ್ಪ ಮಾತ್ರ ಜಗ್ಗಲಿಲ್ಲ. ಊರಿಗೆ ಕಷ್ಟ ಬಂದರೆ ಅವರ ಓಣಿಯ ಕ್ರೈಸ್ತರು ಉಪವಾಸ ಪ್ರಾರ್ಥನೆ ಹಿಡಿಯುವುದು ಅವನಪ್ಪನ ಕಾಲದ ರೂಢಿ. ಆ ದಿನ ಒಲೆ ಹೊತ್ತಿಸುವಂತಿಲ್ಲ, ದೊಡ್ಡವರು ಚಿಕ್ಕವರು ಯಾರೂ ಹನಿ ನೀರು ಮುಟ್ಟುವಂತಿಲ್ಲ. ಅವನೇ ಚರ್ಚಿನ ಗಂಟೆ ಬಾರಿಸಿ ಮರುದಿನಕ್ಕೆ ಉಪವಾಸ ಸಾರಿದ.

ಮರುದಿನ ಬೆಳಗಾಗುವಷ್ಟರಲ್ಲಿ ಅವನ ಮೊಮ್ಮಗಳು ಕರುಣಾಳಿಗೇ ಭೇದಿ ಹತ್ತಿತು. ಇನ್ನೂ ತೊದಲು ಮಾತಿನ ಕೂಸು. ಮಧ್ಯಾಹ್ನಕ್ಕೆ ಕಣ್ಣು ಗುಳಿಬಿದ್ದವು, ಅತ್ತರೆ ಕಣ್ಣೀರು ಬರದಾಯಿತು. ಅಜ್ಜ ಮೊಣಕಾಲೂರಿ ಕುಳಿತೇ ಇದ್ದ. ಉಪವಾಸ ಮುರಿದರೆ ನಂಬಿಕೆ ಮುರಿದಂತೆ ಎಂಬುದು ಅವನ ಹಟ. ಮೇಲಾಗಿ, ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆಂದು ಓಣಿಯವರೆಲ್ಲ ಹೇಳಿದ್ದರು.

ಅವನ ಹೆಂಡತಿ ಸಣ್ಣವ್ವನಿಗೆ ಜೀವ ತಡೆಯಲಿಲ್ಲ. ಹೋಗಿ ನರ್ಸಬಾಯಿ ನೀಲಕ್ಕನನ್ನು ಕರೆತಂದಳು. ನೀಲಕ್ಕ ಕೂಸಿನ ಹೊಟ್ಟೆಯ ಚರ್ಮ ಚಿವುಟಿ ನೋಡಿದಳು. ಅದು ಬೇಗ ಇಳಿಯಲಿಲ್ಲ.

"ಮೈಯಾಗಿನ ನೀರು ಬತ್ತೈತ್ರಿ ಕಾಕಾ. ಹೋದಷ್ಟು ನೀರು ಹಿಂದಕ ಕೊಡಬೇಕು, ಇಲ್ಲಂದ್ರ ಕೂಸು ಉಳಿಯೂದಿಲ್ಲ. ಪ್ರಾರ್ಥನಾ ಬಿಡಬ್ಯಾಡ್ರಿ, ಒಲಿ ಅಷ್ಟ ಹಚ್ಚಾಕ ಬಿಡ್ರಿ."

ದೇವದಾನಪ್ಪ ತಲೆ ಎತ್ತಲಿಲ್ಲ. "ಸ್ವಾಮಿ ಮ್ಯಾಲೆ ಭರೋಸಾ ಇಟ್ಟೀನವಾ" ಎಂದ.

ಎಂದೂ ಗಂಡನಿಗೆ ಎದುರಾಡದ ಸಣ್ಣವ್ವ ಅಂದು ಎದುರಾಡಿದಳು. "ಶಿಲುಬಿ ಮ್ಯಾಲೆ ಸ್ವಾಮಿಗೂ ನೀರಡಿಕಿ ಆಗಿತ್ತು. ಅವಾ ಬಾಯಿಬಿಟ್ಟು ಹೇಳಿದಾ. ಈ ಕೂಸಿಗೆ ಹೇಳಾಕೂ ಶಕ್ತಿ ಇಲ್ಲ. ಉಪಾಸ ನೀವು ಮಾಡ್ರಿ, ಅದಕ್ಯಾಕ?"

ಮುದುಕನಿಗೆ ಅಳು ಬಂತು. ಎದ್ದು ತಾನೇ ಒಲೆ ಹೊತ್ತಿಸಿದ. ನೀಲಕ್ಕ ಹೇಳಿದಂತೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಚಹಾದ ಚಮಚದಿಂದ ಮಟ್ಟಸವಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿದರು. ಅಜ್ಜ ತಾನು ಹನಿ ನೀರೂ ಮುಟ್ಟದೆ, ಚಮಚ ಚಮಚಕ್ಕೂ ಸ್ವಾಮಿಯ ಹೆಸರು ಹೇಳಿ ಕುಡಿಸಿದ. ಕಾರಿಕೊಂಡರೆ ತುಸು ತಡೆದು ಮತ್ತೆ ಕುಡಿಸಿದ. ಸಂಜೆಗೆ ಕೂಸು ಉಚ್ಚೆ ಹೊಯ್ದು ಅಜ್ಜನ ಧೋತರ ತೋಯಿಸಿತು. ಮೈಗೆ ನೀರು ಹತ್ತಿತು, ಗಂಡಾಂತರ ದಾಟಿತೆಂದು ನೀಲಕ್ಕ ನಕ್ಕಳು. ಒದ್ದೆ ಧೋತರಕ್ಕೆ ಆ ಮನೆಯವರು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ದೇವದಾನಪ್ಪ ಅದೇ ಧೋತರದಲ್ಲಿ ಹೋಗಿ ಮತ್ತೆ ಗಂಟೆ ಬಾರಿಸಿದ. ಬಾಜು ಓಣಿಯ ಹನಮವ್ವ, ಫಕ್ರುಸಾಬ ಕೂಡ ಬಂದು ನಿಂತರು.

"ಪ್ರಾರ್ಥನಾ ನಡೀಲಿ. ಆದ್ರ ಎಲ್ಲಾರೂ ಒಲಿ ಹಚ್ಚಿ ನೀರು ಕುದಿಸ್ರಿ. ಕೂಸುಗೋಳಿಗೆ, ಜಡ್ಡು ಬಿದ್ದಾವರಿಗೆ ಉಪಾಸ ಇಲ್ಲ" ಎಂದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ರೋಗದ ಸುದ್ದಿಗೆ ಹೆದರಿ ಓಡಬೇಡಿ. ನೀರು ಕುದಿಸಿ ಕುಡಿಯಿರಿ, ಕೈ ತೊಳೆದು ಉಣ್ಣಿರಿ. ಭೇದಿ ಹತ್ತಿದ ಕೂಸಿಗೆ ಎದೆಹಾಲು ಬಿಡಿಸಬೇಡಿ, ಉಪ್ಪು ಸಕ್ಕರೆಯ ನೀರು ಕುಡಿಸುತ್ತಲೇ ದವಾಖಾನೆಗೆ ಒಯ್ಯಿರಿ. ನೀವು ಯಾವ ದೇವರಿಗೆ ಕೈ ಮುಗಿದರೂ ಸರಿ, ಮುಗಿದ ಕೈಯಿಂದಲೇ ಕೂಸಿಗೆ ನೀರು ಕುಡಿಸಿ.